ಎಣಿಕೆಯೂ ಯೋಗ್ಯತೆಯೂ

ತೂಕ, ಅಳತೆಗಳಿಲ್ಲದೆ ಸಂತೆ ನಡೆಯದು. ತಕ್ಕಡಿ ಸರಿಯಾಗಿದ್ದರೆ ಕೊಳ್ಳುವವನಿಗೂ ಮಾರುವವನಿಗೂ ನ್ಯಾಯ ದೊರೆಯುತ್ತದೆ. ಆದರೆ ಒಬ್ಬ ವ್ಯಕ್ತಿಯ ಚಿಂತನೆಯನ್ನು ಹೀಗೆಯೇ ತೂಗಲು ಸಾಧ್ಯವೇ? ನಮ್ಮ ಅನೇಕ ಕುಟುಂಬಗಳ ಮಕ್ಕಳು ಇಂದು ಸಂಶೋಧನೆಯಲ್ಲಿ ತೊಡಗಿದ್ದಾರೆ. ಅವರ ನೇಮಕಾತಿ, ಬಡ್ತಿಗಳ ವೇಳೆ ಎದುರಾಗುವ ಈ ಪ್ರಶ್ನೆಯನ್ನು ನಾವೂ ಯೋಚಿಸಬೇಕಾಗಿದೆ.

ಯಾವ ಪ್ರಬಂಧವನ್ನು ಮುಂದೆ ಯಾರು ಯಾರು ಉಲ್ಲೇಖಿಸಿದರೆಂದು ತಿಳಿಸುವ ಸೂಚಿಯೊಂದನ್ನು ಅಮೆರಿಕದ ಯುಜೀನ್ ಗಾರ್ಫೀಲ್ಡ್ 1955ರಲ್ಲಿ ಪ್ರಸ್ತಾಪಿಸಿದರು. ಅದರಿಂದ 'ಇಂಪ್ಯಾಕ್ಟ್ ಫ್ಯಾಕ್ಟರ್' ಹುಟ್ಟಿತು. ಪತ್ರಿಕೆಯೊಂದು ಹಿಂದಿನ ಎರಡು ವರ್ಷಗಳಲ್ಲಿ ಪ್ರಕಟಿಸಿದ ಬರಹಗಳಿಗೆ ಈ ವರ್ಷ ದೊರೆತ ಉಲ್ಲೇಖಗಳನ್ನು ಆ ಎರಡು ವರ್ಷಗಳ ಪ್ರಬಂಧಗಳ ಸಂಖ್ಯೆಯಿಂದ ಭಾಗಿಸಿದರೆ ಬರುವ ಅಂಕೆಯಿದು. ಪತ್ರಿಕೆಗಳನ್ನು ಆರಿಸಿಕೊಳ್ಳಲು ಗ್ರಂಥಪಾಲಕರಿಗೆ ಇದು ನೆರವಾಯಿತು. 2005ರಲ್ಲಿ ಭೌತವಿಜ್ಞಾನಿ ಹಾರ್ಹೆ ಹಿರ್ಶ್ ವ್ಯಕ್ತಿಗಳನ್ನೂ ಅಳೆಯುವ 'ಎಚ್-ಇಂಡೆಕ್ಸ್' ಸೂಚಿಸಿದರು. ಒಬ್ಬರ 10 ಪ್ರಬಂಧಗಳು ತಲಾ 10 ಬಾರಿಯಾದರೂ ಉಲ್ಲೇಖಗೊಂಡಿದ್ದರೆ ಅವರಿಗೆ 10ರ ಅಂಕ ದಕ್ಕುತ್ತದೆ.

ಈ ಎಣಿಕೆಯನ್ನು ಸುಮ್ಮನೆ ಹಳಿಯುವುದು ಸರಿಯಲ್ಲ. ಶಿಫಾರಸು, ಜಾತಿ, ಪರಿಚಯಗಳು ಮೇಲುಗೈ ಪಡೆಯುವಲ್ಲಿ ಯಾರ ಬೆಂಬಲವೂ ಇಲ್ಲದ ಬಡ ವಿದ್ಯಾರ್ಥಿಗೆ ಅಂಕೆಯೇ ಆಸರೆ. ಅದು ಮುಖ ನೋಡಿ ಮಣೆ ಹಾಕುವುದಿಲ್ಲ.

ಆದರೂ ಅಂಕೆ ಹೇಳುವುದು ಎಷ್ಟನ್ನು? 'ನೇಚರ್' ಪತ್ರಿಕೆ 2005ರಲ್ಲಿ ತನ್ನ ಲೆಕ್ಕವನ್ನು ತಾನೇ ಬಿಚ್ಚಿಟ್ಟಿತು. ಅದರ 2004ರ ಇಂಪ್ಯಾಕ್ಟ್ ಫ್ಯಾಕ್ಟರಿನ ಶೇಕಡ 89ರಷ್ಟು ಪಾಲು ಕೇವಲ ಶೇಕಡ 25ರಷ್ಟು ಪ್ರಬಂಧಗಳಿಂದ ಬಂದಿತ್ತು. ಹೀಗಿರುವಾಗ ಪತ್ರಿಕೆಯ ಸರಾಸರಿಯಿಂದ ಅದರಲ್ಲಿ ಬರೆದ ಒಬ್ಬೊಬ್ಬರ ಬೆಲೆ ಕಟ್ಟುವುದು, ಊರಿನ ಒಟ್ಟು ಸಿರಿಯನ್ನು ನೋಡಿ ಪ್ರತಿ ಮನೆಯೂ ಶ್ರೀಮಂತವೆಂದು ನಂಬಿದಂತೆ.

ಅಗಸ್ಟೀನಿಯನ್ ಸಭೆಯ ಸಂನ್ಯಾಸಿ ಗ್ರೆಗರ್ ಮೆಂಡೆಲ್‌ರನ್ನು ನೆನೆಯಿರಿ. ಬ್ರನೋ ಮಠದ ತೋಟದಲ್ಲಿ ಎಂಟು ವರ್ಷ ಬಟಾಣಿ ಗಿಡಗಳನ್ನು ಬೆಳೆಸಿ, ಅನುವಂಶೀಯತೆಯ ನಿಯಮಗಳನ್ನು ಕಂಡುಕೊಂಡು, 1866ರಲ್ಲಿ ಅವರು ಪ್ರಬಂಧ ಪ್ರಕಟಿಸಿದರು. ವಿದ್ವತ್ ಲೋಕ ಹೆಚ್ಚುಕಡಿಮೆ ಮೌನವಾಗಿತ್ತು. ಅವರು 1884ರಲ್ಲಿ ತೀರಿಕೊಂಡರು. ಜಗತ್ತು ಆ ಪ್ರಬಂಧದ ಮಹತ್ವವನ್ನು ಅರಿತದ್ದು 1900ರಲ್ಲಿ. ಎರಡು ವರ್ಷಗಳ ಲೆಕ್ಕದಲ್ಲಿ ಅವರ ಯೋಗ್ಯತೆ ಸೊನ್ನೆಗೆ ಸಮೀಪವಿರುತ್ತಿತ್ತು. ಮೊದಲ ದಿನ ಇದ್ದ ಸತ್ಯವೇ ಮೂವತ್ತನಾಲ್ಕು ವರ್ಷಗಳ ಬಳಿಕವೂ ಇತ್ತು. ಬದಲಾದದ್ದು ಓದುವವರ ಕಣ್ಣು.

ಇನ್ನೊಂದು ಕೇಡೂ ಉಂಟು. ಅಂಕೆಗೆ ಅನ್ನ ಅಂಟಿಕೊಂಡಾಗ ಮನುಷ್ಯ ಅಂಕೆಯನ್ನೇ ಬೆಳೆಸತೊಡಗುತ್ತಾನೆ. ತನ್ನ ಬರಹವನ್ನು ತಾನೇ ಅನಗತ್ಯವಾಗಿ ಉಲ್ಲೇಖಿಸುವುದು, ಗೆಳೆಯರೊಳಗೆ ಉಲ್ಲೇಖಗಳ ಕೊಡುಕೊಳ್ಳುವಿಕೆ, ಕಡೆಗೆ ಹಣಕ್ಕೆ ಪ್ರಬಂಧಗಳ ಮಾರಾಟ. ಹಿಂದಾವಿ ಎಂಬ ಪ್ರಕಾಶನದ ಪತ್ರಿಕೆಗಳು 2023ರಲ್ಲಿ 8,000ಕ್ಕೂ ಹೆಚ್ಚು ಪ್ರಬಂಧಗಳನ್ನು ಹಿಂತೆಗೆದುಕೊಳ್ಳಬೇಕಾಯಿತು. ವಂಚಿಸಿದವರು ತಪ್ಪಿತಸ್ಥರೇ. ಆದರೆ ಪ್ರಾಮಾಣಿಕವಾಗಿ ನಿಧಾನವಾಗಿ ದುಡಿಯುವವನನ್ನು ಹಿಂದೆ ತಳ್ಳುವ ವ್ಯವಸ್ಥೆಗೂ ಆ ತಪ್ಪಿನಲ್ಲಿ ಪಾಲಿದೆ.

ಹಾಗಾದರೆ ಅಂಕೆ ಬೇಡವೇ? ಬೇಕು, ತನ್ನ ಸ್ಥಾನದಲ್ಲಿ. ಸಂಶೋಧಕನನ್ನು ಪತ್ರಿಕೆಯ ಅಂಕೆಯಿಂದ ಅಳೆಯದೆ, ಅವನ ಕೃತಿಯ ಸತ್ವದಿಂದಲೇ ಪರಿಶೀಲಿಸಬೇಕೆಂದು 2013ರಲ್ಲಿ ಪ್ರಕಟವಾದ ಸ್ಯಾನ್ ಫ್ರಾನ್ಸಿಸ್ಕೋ ಘೋಷಣೆ ಕೋರಿತು. ಅದಕ್ಕೆ ಓದಬೇಕು, ಓದಲು ಸಮಯ, ತಾಳ್ಮೆ, ಕೆಲವೊಮ್ಮೆ ಪ್ರಭಾವಿಗಳ ಮುಂದೆ 'ಇವನೇ ಯೋಗ್ಯ' ಎನ್ನುವ ಧೈರ್ಯವೂ ಬೇಕು. ತೀರ್ಪು ನೀಡುವ ಹೊಣೆಯನ್ನು ಹೊತ್ತವನು ಅದನ್ನು ಅಂಕೆಯ ತಲೆಗೆ ಕಟ್ಟಿ ಕೈತೊಳೆದುಕೊಂಡರೆ ಅದು ನಿಷ್ಪಕ್ಷಪಾತವಲ್ಲ, ಹೊಣೆಗೇಡಿತನ.

ಪ್ರಿಯ ಓದುಗರೇ, ಅಂಕಪಟ್ಟಿ ಹಿಡಿದು ಮಗು ಮನೆಗೆ ಬಂದಾಗ ನಾವೂ ನ್ಯಾಯಾಧೀಶರೇ. ಮೊತ್ತವನ್ನು ಖಂಡಿತ ನೋಡೋಣ. ಅನಂತರ, ಈ ವರ್ಷ ಅದಕ್ಕೆ ನಿಜವಾಗಿ ಅರ್ಥವಾದದ್ದೇನೆಂದು ಕೇಳಿ, ಉತ್ತರವನ್ನು ಕೊನೆಯವರೆಗೂ ಆಲಿಸೋಣ.