ಚಿತ್ತಪ್ರಸಾದ



ಶಿಥಿಲವಾಗಿದ್ದ ಗರ್ಭಗುಡಿಯು ನವೀಕೃತವಾಯಿತು. ಬಾಲಾಲಯದಲ್ಲಿದ್ದ ಶ್ರೀದೇವರು ಮೂಲಸ್ಥಾನಕ್ಕೆ ಬಿಜಯಂಗೈದು, ಅಷ್ಟಬಂಧವು ಪೂರೈಸಿ, ಬ್ರಹ್ಮಕಲಶಾಭಿಷೇಕದ ಪುಣ್ಯಕಾಲವು ಒದಗಿದೆ. ಕಲ್ಲು ಮರಗಳ ಜೀರ್ಣೋದ್ಧಾರವನ್ನು ಶಿಲ್ಪಿಗಳೂ ತಂತ್ರಿಗಳೂ ನೆರವೇರಿಸಿಕೊಟ್ಟರು. ಅಂತಃಕರಣದ ಜೀರ್ಣೋದ್ಧಾರವನ್ನು ಮಾತ್ರ ನಾವು ನಾವೇ ಮಾಡಿಕೊಳ್ಳಬೇಕಾಗಿದೆ. ಅದರ ವಿಧಾನವನ್ನು ತಿಳಿಸುವುದೇ ಯೋಗಶಾಸ್ತ್ರ.

ಯೋಗವೆಂದೊಡನೆ ಆಸನಗಳೇ ನೆನಪಿಗೆ ಬರುವುವು. ೨೦೧೫ರಿಂದ ಜೂನ್ ೨೧ನೆಯ ದಿನವನ್ನು ಹಲವು ದೇಶಗಳು ಯೋಗದಿನವಾಗಿ ಆಚರಿಸುತ್ತಿರುವುದು ಸಂತೋಷದ ವಿಷಯವೇ ಸರಿ. ಆದರೆ ಪತಂಜಲಿ ಮಹರ್ಷಿಗಳು ಹೇಳಿದ ಎಂಟು ಅಂಗಗಳಲ್ಲಿ ಆಸನವು ಮೂರನೆಯದು. ನಾಲ್ಕು ಪಾದಗಳ ಯೋಗಸೂತ್ರದಲ್ಲಿ ಅದನ್ನು ಕುರಿತ ಸೂತ್ರಗಳು ಮೂರೇ. ಅದಕ್ಕೆ ಮೊದಲು ಯಮ ನಿಯಮಗಳುಂಟು. ಯಮಗಳಲ್ಲಿ ಮೊದಲನೆಯದು ಅಹಿಂಸೆ. ನೆರೆಯವನೊಡನೆ ನಡೆದುಕೊಳ್ಳುವ ಬಗೆಯನ್ನು ತಿದ್ದದೆ ಬೆನ್ನನ್ನು ನೆಟ್ಟಗೆ ಮಾಡಿ ಕುಳಿತ ಮಾತ್ರಕ್ಕೆ ಮನಸ್ಸು ನೆಟ್ಟಗಾಗದು.

ಗದ್ದೆ ತೋಟಗಳ ದುಡಿಮೆ, ಮಕ್ಕಳು ಮರಿಗಳ ಚಿಂತೆ, ಇವುಗಳ ನಡುವೆ ಬಾಳುವ ಗೃಹಸ್ಥನಿಗೆ ಸಾಧ್ಯವಾದ ಯೋಗ ಯಾವುದು? ಮೊದಲನೆಯ ಪಾದದಲ್ಲಿಯೇ ಮಹರ್ಷಿಗಳು ನಾಲ್ಕು ಭಾವನೆಗಳನ್ನು ಬೋಧಿಸಿದ್ದಾರೆ: ಸುಖಿಗಳಲ್ಲಿ ಮೈತ್ರಿ, ದುಃಖಿಗಳಲ್ಲಿ ಕರುಣೆ, ಪುಣ್ಯವಂತರಲ್ಲಿ ಮುದಿತೆ, ಪಾಪಿಗಳಲ್ಲಿ ಉಪೇಕ್ಷೆ. ಇವುಗಳ ಫಲವೇ ಚಿತ್ತಪ್ರಸಾದನ, ಎಂದರೆ ಮನಸ್ಸು ತಿಳಿಯಾಗುವುದು.

ಕೇಳುವುದಕ್ಕೆ ಸುಲಭ, ಆಚರಣೆ ಕಠಿಣ. ನೆರೆಯವನ ಅಡಕೆತೋಟ ಹುಲುಸಾಗಿ ಫಲಿಸಿದಾಗ ನಮ್ಮಲ್ಲಿ ಮೂಡುವುದು ಮೈತ್ರಿಯೋ, ಹೊಟ್ಟೆಕಿಚ್ಚೋ? ಅವನ ಮನೆಗೆ ಕಷ್ಟ ಬಂದಾಗ "ಮಾಡಿದ್ದನ್ನು ಉಣ್ಣಲಿ" ಎನ್ನುವ ನಾಲಗೆಯು ಕರುಣೆಯನ್ನು ಬಲ್ಲುದೇ? ಜೀರ್ಣೋದ್ಧಾರಕ್ಕೆ ನಮಗಿಂತ ಹೆಚ್ಚು ಕಾಣಿಕೆಯಿತ್ತವನ ಹೆಸರನ್ನು ಫಲಕದಲ್ಲಿ ಓದಿ ಹಿಗ್ಗುವುದೇ ಮುದಿತೆ. ಉಪೇಕ್ಷೆಯೆಂದರೆ ತಿರಸ್ಕಾರವಲ್ಲ, ಅನ್ಯಾಯಕ್ಕೆ ತಲೆಬಾಗುವುದೂ ಅಲ್ಲ. ಪರರ ದೋಷವನ್ನು ಹಗಲಿರುಳೂ ಮೆಲುಕುಹಾಕದಿರುವುದು.

ಇದನ್ನು ಬರೆಯುತ್ತಿರುವ ನಾನೂ ತೋಟದ ಗಡಿಯ ವ್ಯಾಜ್ಯದಿಂದ ಸಮೀಪದ ಬಂಧುವೊಬ್ಬರೊಡನೆ ಹಲವು ವರ್ಷ ಮಾತುಬಿಟ್ಟಿದ್ದವನು. ಒಂದೇ ನಡೆಯಲ್ಲಿ ನಿಂತು, ಒಂದೇ ತೀರ್ಥವನ್ನು ಸ್ವೀಕರಿಸಿ, ಇಬ್ಬರೂ ಮುಖ ತಿರುಗಿಸಿ ಮನೆಗೆ ಮರಳುತ್ತಿದ್ದೆವು. ಆ ವರ್ಷಗಳಲ್ಲಿ ನಾನು ಮಾಡಿದ ಜಪಕ್ಕೆ ಕೊರತೆಯಿರಲಿಲ್ಲ. ಮನಸ್ಸು ಮಾತ್ರ ತಿಳಿಯಾಗಲಿಲ್ಲ. ಕೊನೆಗೆ ಅವರು ಹಾಸಿಗೆ ಹಿಡಿದಾಗ ಹೋಗಿ ಕೈಹಿಡಿದೆ. ಮಾತನಾಡುವ ಶಕ್ತಿ ಅವರಲ್ಲಿ ಆಗ ಉಳಿದಿರಲಿಲ್ಲ.

ನಮ್ಮೆಲ್ಲರ ಬಾಯಲ್ಲಿರುವ 'ಪ್ರಸಾದ' ಶಬ್ದವೂ ಸೂತ್ರದ 'ಪ್ರಸಾದನ'ವೂ ಒಂದೇ ಧಾತುವಿನಿಂದ ಹುಟ್ಟಿದವು. ತಿಳಿತನ, ಪ್ರಸನ್ನತೆ ಎಂಬುದು ಅದರ ಅರ್ಥ. ಕಾಸರಗೋಡಿನ ನಮಗೆ ಮನೆಮಾತಿನಷ್ಟೇ ಪರಿಚಿತವಾದ ಮಲೆಯಾಳದಲ್ಲಿ ಮುಖದ ಕಳೆಯನ್ನು 'ಮುಖಪ್ರಸಾದಂ' ಎನ್ನುವರಷ್ಟೆ. ಗಂಧಪುಷ್ಪಗಳ ಪ್ರಸಾದವನ್ನು ಅರ್ಚಕರು ಕೈಗೆ ನೀಡುವರು. ಚಿತ್ತದ ಪ್ರಸಾದವನ್ನು ನಮ್ಮ ನಡತೆಯಿಂದಲೇ ಪಡೆಯಬೇಕು. ಅದು ಒಂದು ದಿನದಲ್ಲಿ ಕೈಗೂಡುವುದಲ್ಲ. ದೀರ್ಘಕಾಲ, ಎಡೆಬಿಡದೆ, ಆದರದಿಂದ ಮಾಡಿದ ಅಭ್ಯಾಸವೇ ದೃಢವಾಗುವುದೆಂಬುದು ಮಹರ್ಷಿಗಳ ಮತ.

ಅಭ್ಯಾಸಕ್ಕೆ ಇಂದೇ ಶುಭಮುಹೂರ್ತ. ಪ್ರಸಾದವನ್ನು ಸ್ವೀಕರಿಸಿ ಹೊರಸುತ್ತಿಗೆ ಬಂದಾಗ ಮಾತುಬಿಟ್ಟವರು ಎದುರಾದರೆ, "ಊಟವಾಯಿತೇ?" ಎಂದು ಮೊದಲು ಕೇಳುವವನೇ ಯೋಗಮಾರ್ಗದಲ್ಲಿ ಮೊದಲ ಹೆಜ್ಜೆಯಿಟ್ಟವನು. ಅಂತಹ ಸದ್ಬುದ್ಧಿಯನ್ನು ಶ್ರೀದೇವರು ನಮ್ಮೆಲ್ಲರಿಗೂ ಅನುಗ್ರಹಿಸಲಿ. ಸರ್ವರಿಗೂ ಮಂಗಳವಾಗಲಿ.