ಪೆಟ್ಟಿಗೆಯ ಮುಂದೆ ಕೂಡ್ರುವವನ ಸೇವೆ

(ಪೂರ್ವಕಾಲವೃತ್ತಾಂತದ ಮೊದಲನೆಯ ಭಾಗ, 25ನೆಯ ಅಧ್ಯಾಯ)



ದಾವೀದನು ತನ್ನ ಮುಪ್ಪಿನಲ್ಲಿ ದೇವರ ಮನೆಯ ಸೇವೆಯನ್ನು ಕ್ರಮಪಡಿಸಿದಾಗ, ವಾದ್ಯಗಳಿಂದ ಸ್ತುತಿಸುವದಕ್ಕೆ 4,000 ಮಂದಿ ಲೇವಿಯರನ್ನು ನೇಮಿಸಿದನೆಂದು ಓದುತ್ತೇವೆ. ಆಸಾಫ, ಹೇಮಾನ, ಯೆದುತೂನರ ಕೈಕೆಳಗೆ ಶಿಕ್ಷಣ ಹೊಂದಿ ನಿಪುಣರಾದವರ ಲೆಕ್ಕವಾದರೋ 288 ಎಂದು ಪ್ರತ್ಯೇಕವಾಗಿ ಬರೆದದೆ. ಈ ಲೆಕ್ಕವು ಯಾಕೆ ಬರೆಯಲ್ಪಟ್ಟಿತು? ಸ್ತುತಿಸುವ ಮನಸ್ಸು ದೇವರ ವರವಾಗಿದೆ. ಕೈಯ ಚಾತುರ್ಯವಾದರೋ ಕಲಿತು ಪಡೆಯತಕ್ಕದ್ದು. ಕಲಿಯುವ ಈ ಕಷ್ಟವನ್ನು ಸಹ ದೇವರು ಕಾಣಿಕೆಯಾಗಿ ಎಣಿಸುತ್ತಾನೆ.

ಈ ಮಾತನ್ನು ನಾವು ತಡವಾಗಿ ಕಲಿತೆವು. ಕೆಲವು ವರ್ಷಗಳ ಕೆಳಗೆ ಮಳೆಗಾಲದ ಒಂದು ಸಂಜೆ ಜಾಂಬೋಟಿಯ ಒಂದು ಮನೆಯಲ್ಲಿ ಪ್ರಾರ್ಥನೆಗೆ ಕೂಡಿದ್ದೆವು. ಹಾರ್ಮೋನಿಯಮ್ ಪೆಟ್ಟಿಗೆಯ ಮುಂದೆ ನಾವೇ ಕೂತು, ನಮ್ಮ ಬೆರಳಿಗೆ ಅನುಕೂಲವಾದ ಎತ್ತರದ ಸ್ವರವನ್ನು ಹಿಡಿದು, ಹೊಸದಾಗಿ ಕಲಿತ ಅಲಂಕಾರಗಳನ್ನೆಲ್ಲಾ ನುಡಿಸಿದೆವು. ಎರಡನೆಯ ಚರಣದಲ್ಲಿ ಗಂಡಸರು ನಿಂತರು; ಮೂರನೆಯದರಲ್ಲಿ ಹೆಂಗಸರೂ ನಿಂತರು; ಪೆಟ್ಟಿಗೆಯೊಂದೇ ಹಾಡಿತು. ಆರಾಧನೆ ಮುಗಿದ ಮೇಲೆ ಒಬ್ಬ ಮುದುಕಿಯು ಹತ್ತಿರ ಬಂದು, “ಯಪ್ಪಾ, ನಿನ್ನ ಪೆಟ್ಟಿಗಿ ಛಲೋ ಹಾಡ್ತು, ನಮಗ ಹಾಡಗೊಡಲಿಲ್ಲ” ಅಂದಳು. ಆಕೆಗೆ ಅಕ್ಷರ ಬಾರದು. ಬಾಯಿಪಾಠವಾಗಿದ್ದ ಆ ಕೀರ್ತನೆಯೇ ಆಕೆಯ ಸತ್ಯವೇದವಾಗಿತ್ತು. ಅದನ್ನು ನಾವು ಆ ಸಂಜೆ ಆಕೆಯ ಬಾಯಿಂದ ಕಸಕೊಂಡೆವು. ಆ ರಾತ್ರಿ ನಮಗೆ ನಿದ್ರೆ ಹತ್ತಲಿಲ್ಲ.

ಪ್ರಿಯರೇ, 1820ರಲ್ಲಿ ಲಂಡನ್ ಮಿಶನ್ನಿನ ಜೋಸೆಫ್ ಟೇಲರ್ ಅಯ್ಯನವರು ಬೆಳಗಾವಿಯಲ್ಲಿ ಸುವಾರ್ತೆಯ ಕೆಲಸವನ್ನು ಆರಂಭಿಸಿದಾಗ ಈ ಪೆಟ್ಟಿಗೆಯೇ ಲೋಕದಲ್ಲಿರಲಿಲ್ಲ. ಪ್ಯಾರಿಸ್ ಪಟ್ಟಣದ ಡೆಬೈನ್ ಎಂಬವನು ಹಾರ್ಮೋನಿಯಮ್ಮಿಗೆ ಸನ್ನದು ಪಡೆದದ್ದು 1842ರಲ್ಲಿ. ಅದು ಕಾಲಿನಿಂದ ಗಾಳಿ ತುಂಬುವ ವಾದ್ಯವಾಗಿತ್ತು. ನೆಲದ ಮೇಲೆ ಕೂತು ಎಡಗೈಯಿಂದ ಗಾಳಿ ಹಾಕುವ ಪೆಟ್ಟಿಗೆಯು ತರುವಾಯ ಕಲಕತ್ತೆಯಲ್ಲಿ ರೂಪಗೊಂಡು ನಮ್ಮ ಹಳ್ಳಿಗಳಿಗೆ ಬಂತು. ಹೀಗಿರಲಾಗಿ, ಹಾಡು ಮೊದಲು, ಪೆಟ್ಟಿಗೆ ಆಮೇಲೆ. ಅದು ಸಭೆಯ ದಾಸಿಯೇ ಹೊರತು ಒಡತಿಯಲ್ಲ.

ಆದದರಿಂದ ನುಡಿಸಲು ಕಲಿಯುವವರು ಮೂರು ಸಂಗತಿಗಳನ್ನು ಮನಸ್ಸಿನಲ್ಲಿಡಲಿ.

ಮೊದಲನೆಯದು, ಕೇಳಿಸಿಕೊಳ್ಳುವದು. ಒಂದು ಸಪ್ತಕದಲ್ಲಿ ಬಿಳಿಯ ಮನೆ 7, ಕರಿಯ ಮನೆ 5, ಕೂಡಿ 12 ಇವೆ. ಇವುಗಳಲ್ಲಿ ಯಾವದನ್ನಾದರೂ ಷಡ್ಜವಾಗಿ ಹಿಡಿಯಬಹುದು. ಹಾಡಿನ ಅತಿ ಎತ್ತರದ ಸ್ವರವನ್ನು ಮೊದಲು ಹುಡುಕಿರಿ. ಅದನ್ನು ಸಭೆಯ ಮುದುಕರು ಪ್ರಯಾಸವಿಲ್ಲದೆ ಮುಟ್ಟುವ ಹಾಗೆ ಷಡ್ಜವನ್ನು ಇಳಿಸಿರಿ. ಈಗಿನ ವಿದ್ಯುತ್ ಕೀಬೋರ್ಡಿನಲ್ಲಿ ಒಂದು ಗುಂಡಿಯನ್ನು ಒತ್ತಿದರೆ ಶ್ರುತಿ ಇಳಿಯುತ್ತದೆ. ಆದರೆ ಯಾರ ಉಸಿರು ಸೋತಿತೆಂದು ಆ ಗುಂಡಿಗೆ ತಿಳಿಯದು, ಕಿವಿಗೆ ತಿಳಿಯುತ್ತದೆ.

ಎರಡನೆಯದು, ಜೊತೆಗೆ ನಡೆಯುವದು. ಜೋಡಿ ಎತ್ತುಗಳಲ್ಲಿ ಒಂದು ಮುಂದಕ್ಕೆ ಓಡಿದರೆ ನೊಗವು ಓರೆಯಾಗುವದೆಂದು ನೀವು ಬಲ್ಲಿರಿ. ಚರಣದ ಕೊನೆಯಲ್ಲಿ ಜನರು ಉಸಿರೆಳೆಯುವಷ್ಟು ನಿಲ್ಲಿರಿ. ಕೈಪೆಟ್ಟಿಗೆಯಲ್ಲಿ ಎಡಗೈ ಗಾಳಿಗೆ ಬೇಕು; ನುಡಿಸುವದಕ್ಕೆ ಬಲಗೈಯೊಂದೇ ಉಳಿಯುತ್ತದೆ. ಆದಕಾರಣ ರಾಗವನ್ನು ಶುದ್ಧವಾಗಿ ನುಡಿಸಿದರೆ ಸಾಕು. ಸ್ವರದಿಂದ ಸ್ವರಕ್ಕೆ ಜಾರುವ ಗಮಕವು ಈ ಮನೆಗಳಲ್ಲಿ ಬಾರದೆಂಬದೂ ಒಂದು ಕಾರಣವಾಗಿ 1940ರಲ್ಲಿ ಅಖಿಲ ಭಾರತ ರೇಡಿಯೋದವರು ಹಾರ್ಮೋನಿಯಮ್ಮನ್ನು ನಿಷೇಧಿಸಿ, ಬಹು ವರ್ಷಗಳ ಮೇಲೆ ಸಡಿಲಿಸಿದರು. ಪೆಟ್ಟಿಗೆಗೆ ಬಾರದ್ದನ್ನು ಗಂಟಲಿಗೆ ಬಿಡಿರಿ. ದೇವರು ಅದನ್ನು ಜನರಿಗೆ ಕೊಟ್ಟಿದ್ದಾನೆ.

ಮೂರನೆಯದು, ಮತ್ತೊಬ್ಬರಿಗೆ ಕಲಿಸುವದು. ನಮ್ಮ ಹಳ್ಳಿಗಳ ಯೌವನಸ್ಥರು ಕೆಲಸಕ್ಕಾಗಿ ಬೆಳಗಾವಿಗೂ ಗೋವೆಗೂ ಹೋಗುತ್ತಾರೆ. ನುಡಿಸುವವನೊಬ್ಬನೇ ಇದ್ದು ಅವನೂ ಹೋದರೆ, ಪೆಟ್ಟಿಗೆಯು ಮೂಲೆ ಸೇರುವದು. ಮಳೆಯ ತೇವದಿಂದ ಮನೆಗಳು ಉಬ್ಬಿ ಅಂಟುವವು. ಒಳಗಿನ ಹಿತ್ತಾಳೆಯ ನಾಲಗೆಗಳಿಗೆ ಕಿಲುಬು ಹಿಡಿಯುವದು. ಪೆಟ್ಟಿಗೆಯನ್ನು ಒಣಬಟ್ಟೆ ಸುತ್ತಿ ನೆಲಕ್ಕಿಂತ ಎತ್ತರದಲ್ಲಿ ಇಡಿರಿ; ಆದರೂ ದಿನಾಲು ನುಡಿಸುವ ಕೈಯೇ ಅದಕ್ಕೆ ಒಳ್ಳೇ ಕಾವಲು. ನಾವು ಓದಿದ ಅಧ್ಯಾಯದಲ್ಲಿ ಹಿರಿಯರು ಕಿರಿಯರೆನ್ನದೆ, ಗುರು ಶಿಷ್ಯರೆನ್ನದೆ, ಎಲ್ಲರೂ ಸಮವಾಗಿ ಚೀಟು ಹಾಕಿದರೆಂದು ಇದೆ. ಆದದರಿಂದ ನುಡಿಸಬಲ್ಲವನು ಈ ವರ್ಷ ಒಬ್ಬ ಹುಡುಗನಿಗಾಗಲಿ ಹುಡುಗಿಗಾಗಲಿ ದಿನಕ್ಕೆ ಕಾಲು ತಾಸು ಕಲಿಸಲಿ. ತಪ್ಪಿದಾಗ ಯಾರೂ ನಗಬಾರದು. ಜಾಂಬೋಟಿಯ ಆಚೆ ಕಣಕುಂಬಿಯಲ್ಲಿ ಸಣ್ಣದಾಗಿ ಹುಟ್ಟುವ ಮಲಪ್ರಭೆಯು ಮುಂದೆ ಎಷ್ಟು ಸೀಮೆಗೆ ನೀರುಣಿಸುತ್ತದೆ!

ನಾವು ಮತ್ತೊಂದು ಸಾರಿ ಆ ಮನೆಗೆ ಹೋದಾಗ, ಮುದುಕಿಯೇ ಮೊದಲು ಹಾಡಲಿ ಎಂದು ಕೇಳಿಕೊಂಡೆವು. ಆಕೆಯ ಸ್ವರ ಎಲ್ಲಿ ನಿಂತಿತೋ ಅಲ್ಲಿ ನಮ್ಮ ಬೆರಳಿಟ್ಟೆವು. ನಾವು ಎಂದೂ ಹಿಡಿಯದಿದ್ದ ಕರಿಯ ಮನೆ ಅದು. ಬೆರಳು ಹಲವು ಸಾರಿ ತಪ್ಪಿತು. ಆದರೆ ಮನೆಯೆಲ್ಲಾ ಹಾಡಿತು.

ನಮ್ಮ ಕೈಗಳಿಗೆ ಚಾತುರ್ಯವನ್ನೂ ಹೃದಯಕ್ಕೆ ದೀನತೆಯನ್ನೂ ಕರ್ತನು ದಯಪಾಲಿಸಲಿ. ಆಮೆನ್.