ಆಧಾರ್ ಕಾರ್ಡ್ ಕಡ್ಡಾಯ

ನವೆಂಬರ್ 19ರ ಬೆಳಿಗ್ಗೆ ಮೆಟ್ರೋದಲ್ಲಿ ಒಂದು ಕಾಲೂರಲು ಜಾಗ ಮಾಡಿಕೊಂಡು ಫೋನ್ ನೋಡ್ತಿದ್ದಾಗ ಗೊತ್ತಾಯ್ತು: ಕ್ಯುರಸಾವೊ 2026ರ ಫುಟ್‌ಬಾಲ್ ವಿಶ್ವಕಪ್‌ಗೆ ಹೋಗ್ತಿದೆ. ಕೆರಿಬಿಯನ್ ಸಮುದ್ರದಲ್ಲಿ, ವೆನೆಜುವೆಲಾ ಕರಾವಳಿಗೆ ಹತ್ತಿರ ಇರೋ ಪುಟ್ಟ ದ್ವೀಪ ಅದು. 444 ಚದರ ಕಿಲೋಮೀಟರ್, ಒಂದೂವರೆ ಲಕ್ಷಕ್ಕಿಂತ ಸ್ವಲ್ಪ ಜಾಸ್ತಿ ಜನ. ಕಿಂಗ್‌ಸ್ಟನ್‌ನಲ್ಲಿ ಜಮೈಕಾ ಎದುರು 0–0 ಡ್ರಾ ಮಾಡಿಕೊಂಡಿದ್ದೇ ಅವರಿಗೆ ಸಾಕಾಯ್ತು. ಜಮೈಕಾದವರು ಹೊಡೆದ ಚೆಂಡು ಮೂರು ಸಲ ಗೋಲುಕಂಬಕ್ಕೆ ಬಡಿದು ವಾಪಸ್ ಬಂದಿತ್ತಂತೆ. ಕೊನೆಯ ನಿಮಿಷಗಳಲ್ಲಿ ಕೊಟ್ಟ ಪೆನಾಲ್ಟಿಯನ್ನು ರೆಫರಿ ವಿಡಿಯೋ ನೋಡಿ ಹಿಂತೆಗೆದುಕೊಂಡನಂತೆ. ಇಷ್ಟು ಕಡಿಮೆ ಜನಸಂಖ್ಯೆಯ ದೇಶ ಪುರುಷರ ವಿಶ್ವಕಪ್‌ಗೆ ಹೋಗ್ತಿರೋದು ಇದೇ ಮೊದಲು. 2018ರಲ್ಲಿ ಹೋಗಿದ್ದ ಐಸ್‌ಲ್ಯಾಂಡ್ ಇದರ ಎರಡರಷ್ಟು ದೊಡ್ಡದು.

ನಮ್ಮ ಕುಟುಂಬದ ವಾಟ್ಸಾಪ್ ಗ್ರೂಪಿಗೆ ಹಾಕಿದೆ. ‘2011ರ ಜನಗಣತಿಯ ಲೆಕ್ಕದಲ್ಲಿ ನಮ್ಮ ಸುಳ್ಯ ತಾಲ್ಲೂಕಿನಲ್ಲಿ ಇದ್ದಷ್ಟೇ ಜನ. ಅಷ್ಟು ಜನರಿಂದ ವಿಶ್ವಕಪ್ ತಂಡ!’ ಕಡಬದಿಂದ ಚಿಕ್ಕಪ್ಪನ ಉತ್ತರ ಅರ್ಧ ಗಂಟೆ ಬಿಟ್ಟು ಬಂತು: ‘ಮೊದಲು ಇಲ್ಲಿಗೆ ನೆಟ್‌ವರ್ಕ್ ಬರಲಿ ಮಾರಾಯ, ವಿಶ್ವಕಪ್ ಆಮೇಲೆ ನೋಡುವ.’

ಮಧ್ಯಾಹ್ನ ಊಟಕ್ಕೆ ಕೂತಾಗ ಆಫೀಸಿನ ಗೆಳೆಯನೊಬ್ಬ ನನ್ನ ಉತ್ಸಾಹಕ್ಕೆ ನೀರು ಹಾಕಿದ. ‘ಅವರಲ್ಲಿ ಹೆಚ್ಚುಕಮ್ಮಿ ಎಲ್ಲರೂ ಹುಟ್ಟಿದ್ದು ನೆದರ್ಲೆಂಡ್ಸ್‌ನಲ್ಲಿ ಮಗಾ. ಕ್ಯಾಪ್ಟನ್, ಅವನ ತಮ್ಮ, ಗೋಲ್‌ಕೀಪರ್, ಎಲ್ಲಾ. ಅದು ಡಚ್ ಬಿ ಟೀಮ್. ಇದು ಚೀಟಿಂಗ್ ಅಲ್ವಾ?’ ಅಲ್ಲ ಅಂತ ವಾದಕ್ಕೆ ನಿಂತೆ. ಎರಡನೇ ವಾಕ್ಯಕ್ಕೇ ಬಾಯಿ ಕಟ್ಟಿತು. ಯಾಕೆಂದ್ರೆ ಕಳೆದ ಜನವರಿಯಲ್ಲಿ ನಾನೂ ಇಂಥದ್ದೇ ಒಂದು ತಂಡದಲ್ಲಿ ಆಡಿ ಬಂದಿದ್ದೆ.

ಫುಟ್‌ಬಾಲ್ ಅಲ್ಲ, ವಾಲಿಬಾಲ್. ನಮ್ಮ ಕಡೆ ಫುಟ್‌ಬಾಲ್ ಅಷ್ಟಕ್ಕಷ್ಟೇ. ಕಬಡ್ಡಿ, ವಾಲಿಬಾಲ್, ಹಗ್ಗಜಗ್ಗಾಟ ಇವೇ ಆಟ. ಮಳೆ ಬಿಟ್ಟ ಮೇಲೆ ವಾರಕ್ಕೊಂದು ಕಡೆ ‘ಹೊನಲು ಬೆಳಕಿನ ಪಂದ್ಯಾಟ’ದ ಫ್ಲೆಕ್ಸ್ ಏಳ್ತದೆ. ಶಾಲೆ ಮೈದಾನದಲ್ಲಿ ಅಡಿಕೆ ಮರದ ಕಂಬ ನೆಟ್ಟು ಲೈಟ್ ಕಟ್ತಾರೆ. ಒಂದು ಮೂಲೆಯಲ್ಲಿ ಚರುಮುರಿ, ಇನ್ನೊಂದು ಮೂಲೆಯಲ್ಲಿ ಆಮ್ಲೆಟ್. ಮೈಕಿನಲ್ಲಿ ಅರ್ಧ ತುಳು ಅರ್ಧ ಕನ್ನಡದ ಕಮೆಂಟರಿ, ಅದೂ ಬೆಳಗಿನ ಜಾವ ನಾಲ್ಕರ ತನಕ. ನಗದು ಬಹುಮಾನ ಇದ್ದ ಕಡೆ ಹೊರಗಿನಿಂದ ದುಡ್ಡು ಕೊಟ್ಟು ಆಟಗಾರರನ್ನು ಕರೆಸೋರು ಇದ್ದೇ ಇರ್ತಾರೆ. ಅದನ್ನು ತಡೀಲಿಕ್ಕೆ ಅಂತಲೇ ಕೆಲವರು ಫ್ಲೆಕ್ಸಿನ ಕೆಳಗೆ ಹಾಕ್ತಾರೆ: ಒಂದು ಗ್ರಾಮದ ಆಟಗಾರರಿಗೆ ಮಾತ್ರ. ಆಧಾರ್ ಕಾರ್ಡ್ ಕಡ್ಡಾಯ.

ಒಳ್ಳೆ ನಿಯಮ. ಊರಲ್ಲೇ ಇದ್ದು, ದಿನಾ ಸಂಜೆ ಗುಡ್ಡದ ಮೇಲಿನ ಕೋರ್ಟಿನಲ್ಲಿ ಮಣ್ಣು ಮೆತ್ತಿಕೊಂಡು ಆಡೋ ಹುಡುಗರಿಗೆ ಒಂದು ಅವಕಾಶ ಸಿಗಲಿ ಅಂತ ಮಾಡಿದ್ದು.

ಶುಕ್ರವಾರ ಸೋದರಮಾವನ ಮಗ ಫೋನ್ ಮಾಡಿದ. ‘ಭಾವ, ಒಬ್ಬನಿಗೆ ಜ್ವರ. ರಿಸರ್ವ್‌ಗೆ ಒಂದು ಜನ ಬೇಕು. ನೀನು ಸುಮ್ಮನೆ ಕೂತರೆ ಸಾಕು.’ ಪುತ್ತೂರಿನಲ್ಲಿ ಓದುವಾಗ ನಾನು ಕಾಲೇಜು ತಂಡದಲ್ಲಿ ಲಿಫ್ಟರ್ ಆಗಿದ್ದೆ. ಆಮೇಲೆ ಹತ್ತು ವರ್ಷ ಬೆಂಗಳೂರು. ಈಗ ಲಿಫ್ಟಿನಲ್ಲಿ ಹೋಗೋದು ಬಿಟ್ಟರೆ ಆ ಪದಕ್ಕೂ ನನಗೂ ಸಂಬಂಧ ಇಲ್ಲ. ಆದರೂ ರಾತ್ರಿ ಬಸ್ಸಿಗೆ ಹತ್ತಿದೆ. ಶಿರಾಡಿ ಇಳಿಯುವಾಗ ಎಚ್ಚರಾಗಿ, ಕಿಟಕಿಯಿಂದ ಆ ತಂಪು ಗಾಳಿ ಬಂದಾಗ, ಊರಿಗೆ ನಾನು ಬೇಕಾಗಿದ್ದೇನೆ ಅಂತ ಹೆಮ್ಮೆ ಬೇರೆ.

ನಮ್ಮ ತಂಡದ ಲಿಫ್ಟರ್ ಹತ್ತೊಂಬತ್ತರ ಹುಡುಗ. ಬೆಳಗಿನ ಜಾವ ಎದ್ದು ರಬ್ಬರ್ ಟ್ಯಾಪಿಂಗ್, ಸಂಜೆ ವಾಲಿಬಾಲ್. ಅವನ ಬೆರಳಿನಿಂದ ಹೊರಡೋ ಚೆಂಡು ಗಾಳಿಯಲ್ಲಿ ಒಂದು ಕ್ಷಣ ನಿಂತು ಸ್ಮ್ಯಾಶ್ ಮಾಡೋನಿಗೆ ಕಾಯ್ತದೆ. ಅವನ ಅಜ್ಜ ಅಜ್ಜಿ ಸಿಲೋನಿನಿಂದ ಬಂದವರು. ಪುತ್ತೂರು–ಸುಳ್ಯ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಉಳಿದವರಿಗಾಗಿ ಹೇಳ್ತೇನೆ. 1964ರ ಅಕ್ಟೋಬರಿನಲ್ಲಿ ಲಾಲ್ ಬಹಾದೂರ್ ಶಾಸ್ತ್ರಿ ಮತ್ತು ಸಿರಿಮಾವೊ ಬಂಡಾರನಾಯಿಕೆ ಒಂದು ಒಪ್ಪಂದಕ್ಕೆ ಸಹಿ ಹಾಕಿದರು. ಅಲ್ಲಿನ ಚಹಾ ತೋಟಗಳಲ್ಲಿ ತಲೆಮಾರುಗಳಿಂದ ದುಡಿಯುತ್ತಿದ್ದ ತಮಿಳರಲ್ಲಿ 5,25,000 ಜನರನ್ನು ಭಾರತ ‘ವಾಪಸ್’ ಕರೆಸಿಕೊಳ್ಳೋದು ಅಂತ. ಆ ವಾಪಸ್ ಅನ್ನೋ ಪದ ನೋಡಿ. ಅವರಲ್ಲಿ ಎಷ್ಟೋ ಜನ ಹುಟ್ಟಿದ್ದೇ ಅಲ್ಲಿ, ಭಾರತವನ್ನು ಕಣ್ಣಲ್ಲಿ ಕಂಡವರೇ ಅಲ್ಲ. ಹಾಗೆ ಬಂದವರಲ್ಲಿ ಕೆಲವು ಕುಟುಂಬಗಳಿಗೆ ನಮ್ಮ ಕಡೆಯ ಸರ್ಕಾರಿ ರಬ್ಬರ್ ತೋಟಗಳಲ್ಲಿ ಕೆಲಸ ಸಿಕ್ಕಿತು. ಕಾಲೊನಿಗಳಾದವು. ಮಕ್ಕಳು ನಮ್ಮ ಜೊತೆ ಕನ್ನಡ ಶಾಲೆಗೆ ಬಂದರು. ಈ ಹುಡುಗನ ತುಳು ನನ್ನದಕ್ಕಿಂತ ಚೆನ್ನಾಗಿದೆ.

ರಿಜಿಸ್ಟ್ರೇಷನ್ ಟೇಬಲಿನಲ್ಲಿ ಎದುರು ತಂಡದವರು ತಕರಾರು ತೆಗೆದರು. ಹುಡುಗನ ಆಧಾರ್‌ನಲ್ಲಿ ಪಕ್ಕದ ಗ್ರಾಮದ ಕಾಲೊನಿಯ ವಿಳಾಸ ಇತ್ತು. ಅಪ್ಪನ ಕೆಲಸ ಬದಲಾಗಿ ನಾಲ್ಕು ವರ್ಷದ ಹಿಂದೆ ಅವರ ಮನೆಯವರು ನಮ್ಮ ಗ್ರಾಮಕ್ಕೆ ಬಂದಿದ್ದು, ಕಾರ್ಡು ಬದಲಾಗಿರಲಿಲ್ಲ. ಕಮಿಟಿಯವರು ಕಾರ್ಡನ್ನು ಲೈಟಿಗೆ ಹಿಡಿದು ನೋಡಿ, ಬೇಜಾರಿನಲ್ಲೇ, ‘ಎಂಥ ಮಾಡುದು, ನಿಯಮ ಎಲ್ಲರಿಗೂ ಒಂದೇ’ ಅಂದರು.

ಆಮೇಲೆ ನನ್ನ ಕಾರ್ಡು. ಅದರಲ್ಲಿ ಅಜ್ಜನ ಮನೆಯ ವಿಳಾಸ ಹಾಗೇ ಇತ್ತು. ಬಾಡಿಗೆ ಮನೆ ನಾಲ್ಕು ಬದಲಾಯಿಸಿದ್ದೇನೆ, ಆಧಾರ್ ಬದಲಾಯಿಸಲು ಸೋಮಾರಿತನ. ತಾಲ್ಲೂಕು ಪುತ್ತೂರು ಅಂತ ಬೇರೆ ಇತ್ತು. ಕಡಬ ಬೇರೆ ತಾಲ್ಲೂಕಾಗಿದ್ದು ಆ ಕಾರ್ಡಿಗೆ ಗೊತ್ತೇ ಇಲ್ಲ. ‘ಇವ ಇನ್ನೂ ಪುತ್ತೂರು ತಾಲ್ಲೂಕಿನಲ್ಲೇ ಇದ್ದಾನೆ!’ ಅಂತ ಯಾರೋ ಅಂದರು, ಎಲ್ಲರೂ ನಕ್ಕರು, ನಾನೂ ನಕ್ಕೆ, ಟಿಕ್ ಹಾಕಿದರು. ಎರಡೆರಡು ಸುಳ್ಳು ಹೇಳೋ ನನ್ನ ಕಾರ್ಡು ಪಾಸು. ಹುಡುಗ ತನ್ನ ನೀ-ಕ್ಯಾಪ್ ಬಿಚ್ಚಿ ನನಗೆ ಕೊಟ್ಟ. ‘ಹಾಕ್ಕೊಳ್ಳಿ ಅಣ್ಣ, ನೆಲ ಗಟ್ಟಿ ಉಂಟು.’ ಎರಡನೇ ಸುತ್ತಿನಲ್ಲೇ ಸೋತೆವು. ಕೊನೆಯ ಪಾಯಿಂಟಿಗೆ ನಾನು ಎತ್ತಿದ ಚೆಂಡು ನೆಟ್‌ಗೆ ತಾಗಿ ನಮ್ಮ ಕಡೆಯೇ ಬಿತ್ತು.

ಇದೆಲ್ಲ ತಲೆಯಲ್ಲಿ ಇಟ್ಟುಕೊಂಡು ಆ ರಾತ್ರಿ ಕ್ಯುರಸಾವೊ ಬಗ್ಗೆ ಓದುತ್ತಾ ಕೂತೆ.

ಆ ತಂಡವೂ ವಿಳಾಸ ಬದಲಾಯಿಸಿಕೊಂಡೇ ಬಂದಿದೆ. 1924ರಲ್ಲಿ ಪಕ್ಕದ ದ್ವೀಪ ಅರುಬಾ ಜೊತೆ ಮೊದಲ ಪಂದ್ಯ ಆಡುವಾಗ ಅದು ಕ್ಯುರಸಾವೊ. ಆಮೇಲೆ ಹತ್ತಿರ ಹತ್ತಿರ ಅರ್ಧ ಶತಮಾನ ‘ನೆದರ್ಲೆಂಡ್ಸ್ ಆಂಟಿಲ್ಸ್’ ಅನ್ನೋ ದ್ವೀಪಗಳ ಗುಂಪಿನ ಹೆಸರಲ್ಲಿ ಆಡಿತು, 1963 ಮತ್ತು 1969ರಲ್ಲಿ ಆ ಭಾಗದ ಚಾಂಪಿಯನ್‌ಷಿಪ್‌ನಲ್ಲಿ ಮೂರನೇ ಸ್ಥಾನ ಪಡೆಯಿತು. 2010ರ ಅಕ್ಟೋಬರ್ 10ಕ್ಕೆ ಆ ಗುಂಪು ವಿಸರ್ಜನೆ ಆಗಿ, ಮತ್ತೆ ಕ್ಯುರಸಾವೊ. (ನಮ್ಮಲ್ಲೂ ಹೀಗೇ ಅಲ್ವಾ. 1968–69ರಲ್ಲಿ ಸಂತೋಷ್ ಟ್ರೋಫಿ ಗೆದ್ದ ತಂಡ ಮೈಸೂರು. 54 ವರ್ಷ ಕಳೆದು 2023ರ ಮಾರ್ಚ್‌ನಲ್ಲಿ ದೂರದ ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ ಅದೇ ಟ್ರೋಫಿ ಮತ್ತೆ ಗೆದ್ದ ತಂಡ ಕರ್ನಾಟಕ.)

ಕ್ಯುರಸಾವೊಗೆ ತನ್ನದೇ ಪಾಸ್‌ಪೋರ್ಟ್ ಇಲ್ಲ. ಇವತ್ತಿಗೂ ಅದು ಡಚ್ ಸಾಮ್ರಾಜ್ಯದ ಒಂದು ಭಾಗ. ಅಲ್ಲಿನವರೂ ಡಚ್ ಪ್ರಜೆಗಳೇ, ಆಮ್‌ಸ್ಟರ್‌ಡ್ಯಾಮಿನವರೂ ಡಚ್ ಪ್ರಜೆಗಳೇ. ಹಾಗಾದ್ರೆ ಯಾರು ದ್ವೀಪಕ್ಕೆ ಆಡಬಹುದು? ಇಂಥ ಕಡೆ ಫಿಫಾ ಕೇಳೋದು: ನೀನು ಅಲ್ಲಿ ಹುಟ್ಟಿದ್ದೀಯಾ? ಇಲ್ಲಾಂದ್ರೆ ನಿನ್ನ ಅಪ್ಪ ಅಮ್ಮ? ಅಜ್ಜ ಅಜ್ಜಿ? ಅದೂ ಇಲ್ಲಾಂದ್ರೆ ಅಲ್ಲಿ ಇಷ್ಟು ವರ್ಷ ವಾಸ ಇದ್ದೀಯಾ? 2015ರಲ್ಲಿ ಕೋಚ್ ಆಗಿ ಬಂದ ಪ್ಯಾಟ್ರಿಕ್ ಕ್ಲೂಯಿವರ್ಟ್‌ ತಾಯಿಯೂ ಕ್ಯುರಸಾವೊದವರೇ. ನೆದರ್ಲೆಂಡ್ಸ್‌ನಲ್ಲಿ ಹುಟ್ಟಿ ವೃತ್ತಿಪರ ಫುಟ್‌ಬಾಲ್ ಆಡುತ್ತಿದ್ದ ದ್ವೀಪದ ಮೊಮ್ಮಕ್ಕಳು ಒಬ್ಬೊಬ್ಬರಾಗಿ ಬಂದು ಸೇರಿಕೊಂಡರು. 2017ರಲ್ಲಿ ಜಮೈಕಾವನ್ನು 2–1ರಿಂದ ಸೋಲಿಸಿ ಕೆರಿಬಿಯನ್ ಕಪ್ ಗೆದ್ದರು. ಈ ಸಲ ತಂಡದಲ್ಲಿದ್ದ ತಹಿತ್ ಚಾಂಗ್ ದ್ವೀಪದಲ್ಲೇ ಹುಟ್ಟಿದವನು. ಅವನ ಥರದವರು ಅಪರೂಪ.

ಅವರ ಅಜ್ಜ ಅಜ್ಜಿ ಯಾಕೆ ಬಿಟ್ಟು ಹೋದರು? ನಾವು ಹೋದ ಕಾರಣಕ್ಕೇ. 1918ರಲ್ಲಿ ಶೆಲ್ ಕಂಪನಿಯ ತೈಲ ಸಂಸ್ಕರಣಾಗಾರ ಬಂದಾಗ ಸುತ್ತಲ ದ್ವೀಪಗಳಿಂದ ಜನ ಕೆಲಸಕ್ಕೆ ಬಂದು ಸೇರಿದರು. ಯಂತ್ರಗಳು ಬಂದ ಮೇಲೆ ಕೆಲಸ ಕಡಿಮೆಯಾಯ್ತು. 1969ರ ಮೇ 30ರಂದು ಕಾರ್ಮಿಕರ ಸಿಟ್ಟು ಬೀದಿಗೆ ಬಂದು ರಾಜಧಾನಿ ವಿಲ್ಲೆಮ್‌ಸ್ಟಾಡ್ ಉರಿಯಿತು. 1985ರಲ್ಲಿ ಶೆಲ್ ನಾಮಕಾವಸ್ತೆ ಬೆಲೆಗೆ ಅದನ್ನು ಸರ್ಕಾರಕ್ಕೆ ಬಿಟ್ಟು ಹೊರಟೇಹೋಯಿತು. ಕೈಯಲ್ಲಿ ಡಚ್ ಪಾಸ್‌ಪೋರ್ಟ್ ಇದ್ದವರು ವಿಮಾನ ಹತ್ತಿದರು. ಇನ್ನೂ ಹಿಂದಕ್ಕೆ ಹೋದರೆ ದ್ವೀಪದ ಬಹುಪಾಲು ಜನರ ಪೂರ್ವಜರನ್ನು ಆಫ್ರಿಕಾದಿಂದ ಗುಲಾಮರನ್ನಾಗಿ ತಂದದ್ದು. 1863ರ ತನಕ ಗುಲಾಮಗಿರಿ ಅಲ್ಲಿ ಕಾನೂನುಬದ್ಧ. ಅಂಥ ನೆಲದಲ್ಲಿ ನಿಂತು ‘ಮೂಲ ಊರು ಯಾವುದು’ ಅಂತ ಯಾರನ್ನು ಕೇಳೋದು?

ಹಾಗಾಗಿ ಗೆಳೆಯನ ‘ಚೀಟಿಂಗ್’ ಅನ್ನೋ ಮಾತನ್ನು ನಾನು ಒಪ್ಪೋದಿಲ್ಲ. ಊರು ಬಿಟ್ಟವನು ಊರನ್ನು ಕಳಕೊಂಡ ಅಂತ ಹೇಳೋಕೆ ಯಾರಿಗೂ ಅಧಿಕಾರ ಇಲ್ಲ. ನನಗೆ ಇವತ್ತಿಗೂ ಸಿಟ್ಟು ಬರೋದು ತುಳುವಿನಲ್ಲಿ. ಅಡಿಕೆಗೆ ಕೊಳೆರೋಗ ಬಂದರೆ ಇಲ್ಲಿ ನನ್ನ ನಿದ್ದೆ ಹೋಗ್ತದೆ. ನಾನು ಆಡದೇ ಇದ್ದಿದ್ರೆ ತಂಡದಲ್ಲಿ ಐದೇ ಜನ ಆಗಿ ಯಾರೂ ಆಡ್ತಿರಲಿಲ್ಲ, ಇದೂ ನಿಜ. ಡಚ್ ಮೊಮ್ಮಕ್ಕಳು ಬರದಿದ್ರೆ ಕ್ಯುರಸಾವೊ ವಿಶ್ವಕಪ್ಪಿನ ಹತ್ತಿರವೂ ಹೋಗ್ತಿರಲಿಲ್ಲ.

ಆದರೆ ಇಷ್ಟಕ್ಕೆ ಮುಗಿಸಿದ್ರೆ ನನಗೆ ನಾನೇ ವಕೀಲ ಆದ ಹಾಗೆ. ಓದ್ತಾ ಓದ್ತಾ ಜೈರ್‌ಜಿನ್ಯೊ ಪೀಟರ್ ಅನ್ನೋ ಗೋಲ್‌ಕೀಪರ್ ಸಿಕ್ಕ. ದ್ವೀಪದಲ್ಲೇ ಹುಟ್ಟಿ, ದ್ವೀಪದ ಕ್ಲಬ್ಬುಗಳಲ್ಲೇ ಆಡಿದವನು. ಹೆಸರು ನೋಡಿದ್ರೇ ಗೊತ್ತಾಗ್ತದೆ, ಬ್ರೆಜಿಲ್ ಆಟಗಾರನ ಹೆಸರು ಅದು, ಮನೆಯವರಿಗೆ ಎಷ್ಟು ಫುಟ್‌ಬಾಲ್ ಹುಚ್ಚಿತ್ತು ಅಂತ. ಆ ವರ್ಷಗಳಲ್ಲಿ ತಂಡದ ಮುಖ್ಯ ಗೋಲ್‌ಕೀಪರ್ ನೆದರ್ಲೆಂಡ್ಸ್‌ನಲ್ಲಿ ಹುಟ್ಟಿದ ಎಲೊಯ್ ರೂಮ್, ಕಿಂಗ್‌ಸ್ಟನ್‌ನಲ್ಲಿ ಗೋಲು ಕಾದವನೂ ಅವನೇ. 2019ರ ಸೆಪ್ಟೆಂಬರಿನಲ್ಲಿ ತಂಡದ ಜೊತೆ ಹೈಟಿಗೆ ಹೋಗಿದ್ದ ಪೀಟರ್ ಹೋಟೆಲಿನಲ್ಲಿ ಹೃದಯಾಘಾತದಿಂದ ತೀರಿಕೊಂಡ. 31 ವರ್ಷ. ರೂಮ್ ಅವನಿಗೆ ಅನ್ಯಾಯ ಮಾಡಿದ ಅಂತ ನಾನು ಹೇಳ್ತಿಲ್ಲ, ಒಳ್ಳೆ ಗೋಲ್‌ಕೀಪರ್ ಆಡಲೇಬೇಕು. ಆದರೆ ಊರಿಗೆ ಊರೇ ಮೇಲೆ ಬಂತು ಅಂತ ಹೇಳುವಾಗ ಅದರ ಒಳಗೆ ಯಾರು ಬೆಂಚಿಗೆ ಸರಿದರು ಅನ್ನೋದನ್ನೂ ಹೇಳಬೇಕಲ್ಲ.

ಒಂದು ದಾರಿ ಇದೆ: ಬೆಲೆ ಕಟ್ಟಿದವನಿಗೇ ಹಕ್ಕು ಅನ್ನೋದು. ನಮ್ಮ ಬೆಂಗಳೂರು ಎಫ್‌ಸಿಯ ರಯಾನ್ ವಿಲಿಯಮ್ಸ್ ಆಸ್ಟ್ರೇಲಿಯಾದಲ್ಲಿ ಹುಟ್ಟಿದವರು, ತಾಯಿಯ ಕಡೆಯಿಂದ ಭಾರತದ ನಂಟು. ಇಲ್ಲಿ ಎರಡು ಪೌರತ್ವಕ್ಕೆ ಅವಕಾಶ ಇಲ್ಲ, ಅಜ್ಜ ಅಜ್ಜಿಯ ಹೆಸರು ಹೇಳಿದ್ರೆ ಸಾಲದು. ಇದೇ ನವೆಂಬರಿನಲ್ಲಿ ಅವರು ಆಸ್ಟ್ರೇಲಿಯಾದ ಪಾಸ್‌ಪೋರ್ಟ್ ಬಿಟ್ಟುಕೊಟ್ಟು ಭಾರತದ ಪ್ರಜೆ ಆಗಿರೋ ಸುದ್ದಿ ಬಂತು. ಅದನ್ನು ಓದಿದಾಗ ನನಗೆ ನಾಚಿಕೆ ಆಯ್ತು, ನಾನು ಬಿಟ್ಟುಕೊಟ್ಟಿದ್ದು ಒಂದು ಶನಿವಾರ. ಆದರೆ ಈ ಅಳತೆಯೂ ನನಗೆ ಪೂರ್ತಿ ಹಿಡಿಸೋದಿಲ್ಲ. ಹುಡುಗನ ಅಜ್ಜ ಅಜ್ಜಿ ಒಂದು ಇಡೀ ದೇಶವನ್ನೇ ಬಿಟ್ಟುಬಂದವರು. ಅದಕ್ಕೆ ಅವರಿಗೆ ಯಾವ ಊರು ಕೂಡ ರಸೀದಿ ಕೊಟ್ಟಿಲ್ಲ.

ಫಿಫಾದ ಲೆಕ್ಕದಲ್ಲಿ ನನ್ನ ಅಜ್ಜ ಕಡಬದವರು, ನಾನು ಪಾಸು. ಅದೇ ಲೆಕ್ಕದಲ್ಲಿ ಹುಡುಗ ಶ್ರೀಲಂಕಾಕ್ಕೆ ಆಡಬೇಕೇನೋ! ವಾಸದ ಲೆಕ್ಕ ಹಿಡಿದಿದ್ರೆ ಅವನು ಒಳಗೆ, ನಾನು ಹೊರಗೆ. ಕಮಿಟಿಯವರು ಹಿಡಿದಿದ್ದು ವಾಸದ ಲೆಕ್ಕವೇ, ಆದರೆ ಅದನ್ನು ನೋಡಿದ್ದು ಕಾಗದದಲ್ಲಿ. ನನಗೆ ಊರು ಎರಡು. ಒಂದು ಕಡೆ ಸೋತರೆ ಇನ್ನೊಂದಕ್ಕೆ ಬಸ್ ಉಂಟು. ಅವನಿಗೆ ಇರೋದು ಒಂದೇ, ಅದೂ ಕಾರ್ಡಿನಲ್ಲಿ ಇಲ್ಲ.

ಆಡಿದ್ದಕ್ಕೆ ನನಗೆ ಪಶ್ಚಾತ್ತಾಪ ಇಲ್ಲ. ಕಾಡೋದು ಆ ಟೇಬಲಿನ ಹತ್ತಿರದ ಎರಡು ನಿಮಿಷ. ‘ನಾನು ಹತ್ತು ವರ್ಷದಿಂದ ಬೆಂಗಳೂರಿನಲ್ಲಿದ್ದೇನೆ. ನನ್ನ ಕಾರ್ಡೂ ಸರಿ ಇಲ್ಲ. ಇಬ್ಬರನ್ನೂ ಬಿಡಿ, ಇಲ್ಲಾ ಇಬ್ಬರನ್ನೂ ತೆಗೀರಿ’ ಅಂತ ಒಂದು ಮಾತು ಹೇಳಬಹುದಿತ್ತು. ಹಾಗೆ ಹೇಳಿದ್ರೆ ನಮ್ಮ ತಂಡ ಆಡದೇ ಮನೆಗೆ ಹೋಗ್ತಿತ್ತೋ ಏನೋ. ಆದರೆ ನಾನು ಸುಮ್ಮನಿದ್ದದ್ದು ತಂಡಕ್ಕಾಗಿ ಅಲ್ಲ. ಪಾಸಾದವನಿಗೆ ನಿಯಮದ ಬಗ್ಗೆ ಪ್ರಶ್ನೆ ಏಳೋದಿಲ್ಲ, ನನಗೂ ಏಳಲಿಲ್ಲ. ಎಲ್ಲರ ಜೊತೆ ನಕ್ಕು ಬಗ್ಗಿ ಶೂ ಲೇಸ್ ಕಟ್ಟಿಕೊಂಡೆ.

ಮೊನ್ನೆ ಮತ್ತೆ ಫೋನ್ ಬಂತು. ಈ ವರ್ಷದ ಪಂದ್ಯಾಟ ಜನವರಿಯ ಎರಡನೇ ಶನಿವಾರ.

‘ಬರ್ತೀಯಾ ಭಾವ?’

‘ಆ ಹುಡುಗನ ಆಧಾರ್ ಆಯ್ತಾ?’

‘ಎಲ್ಲಿ ಮಾರಾಯ. ಅದಕ್ಕೆ ಮನೆಯ ದಾಖಲೆ ಕೇಳ್ತಾರಂತೆ. ಅವರದ್ದು ಸ್ವಂತ ಮನೆ ಅಲ್ಲ ಅಲ್ವಾ.’

‘ನಿಮ್ಮ ಕಮಿಟಿ ಪರಿಚಯದವರು ಯಾರಾದ್ರೂ ಇದ್ದಾರಾ? ನಂಬರ್ ಕಳಿಸು.’

‘ಕಳಿಸ್ತೇನೆ. ನೀನು ಬರ್ತೀಯಾ ಇಲ್ವಾ, ಅದು ಹೇಳು.’

ಅವನ ನೀ-ಕ್ಯಾಪ್ ಇನ್ನೂ ನನ್ನ ಬ್ಯಾಗಿನಲ್ಲೇ ಉಂಟು, ವಾಪಸ್ ಕೊಡಲಿಕ್ಕೆ ಮರೆತಿದ್ದೆ. ತರ್ತೇನೆ ಅಂತ ಹೇಳು ಅಂದೆ.